ಎಚ್‌ಪಿಎಲ್‌ಸಿಯಲ್ಲಿ ಪೀಕ್ ಜಾಗ ಬಿಟ್ಟರೆ: ಕಾಲಮ್ ಬಿಚ್ಚುವ ಮೊದಲು ನೋಡಬೇಕಾದದ್ದು

ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ (ಹೈ ಪರ್ಫಾರ್ಮೆನ್ಸ್ ಲಿಕ್ವಿಡ್ ಕ್ರೊಮ್ಯಾಟೋಗ್ರಫಿ) ಯಂತ್ರ ಕೈಕೊಟ್ಟಿದೆ ಎಂದು ಕರೆ ಬಂದು ನಾನು ಹೋಗಿ ನಿಲ್ಲುವ ಹೊತ್ತಿಗೆ ಸಾಮಾನ್ಯವಾಗಿ ಮೂರು ಕೆಲಸಗಳು ಆಗಿಹೋಗಿರುತ್ತವೆ: ಬೇರ್ಪಡಿಸುವ ಕೊಳವೆಯಾದ ಹಳೆಯ ಕಾಲಮ್ ತೆಗೆದು ಹೊಸದನ್ನು ಹಾಕಿರುತ್ತಾರೆ, ಅದರ ಮೂಲಕ ಹರಿಯುವ ದ್ರವವಾದ ಮೊಬೈಲ್ ಫೇಸ್ ಚೆಲ್ಲಿ ಹೊಸದಾಗಿ ಮಾಡಿರುತ್ತಾರೆ, ಪಂಪನ್ನು ಪರ್ಜ್ ಮಾಡಿರುತ್ತಾರೆ, ಅಂದರೆ ಜೋರಾಗಿ ದ್ರವ ಹರಿಸಿ ಒಳಗಿನ ಗಾಳಿಯನ್ನು ಹೊರಹಾಕಿರುತ್ತಾರೆ. ಇಷ್ಟರಿಂದ ತೊಂದರೆ ಹೋಗಿದ್ದರೆ ಅದು ಯಾವುದರಿಂದ ಹೋಯಿತೆಂದು ಯಾರಿಗೂ ಗೊತ್ತಿರುವುದಿಲ್ಲ. ಹೋಗದೆ ಉಳಿದಿದ್ದರೆ, ಕಾರಣ ಹೇಳಬಹುದಾಗಿದ್ದ ಗುರುತುಗಳೆಲ್ಲ ಆ ಮೂರು ಕೆಲಸಗಳಲ್ಲಿ ಅಳಿಸಿಹೋಗಿರುತ್ತವೆ. ಜಿಗಣಿ, ಬೊಮ್ಮಸಂದ್ರದಿಂದ ಬೀದರಿನವರೆಗೆ ಔಷಧ ತಯಾರಿಕೆಯ ಗುಣಮಟ್ಟ ವಿಭಾಗಗಳಲ್ಲಿ ದುಡಿಯುವ ವಿಶ್ಲೇಷಕರಿಗೆ ಈ ಯಂತ್ರ ದಿನನಿತ್ಯದ್ದು. ಅವರಿಗಾಗಿಯೇ, ಸ್ಪ್ಯಾನರ್ ಹಿಡಿಯುವ ಮೊದಲು ಗ್ರಾಫನ್ನು ಓದುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ಉದಾಹರಣೆಗಳೆಲ್ಲವೂ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ 250 ಮಿ.ಮೀ. ಉದ್ದ, 4.6 ಮಿ.ಮೀ. ಒಳವ್ಯಾಸ, 5 ಮೈಕ್ರಾನ್ ಕಣಗಳ ಸಿ18 ಕಾಲಮ್‌ಗೆ ಮತ್ತು ನಿಮಿಷಕ್ಕೆ 1 ಮಿ.ಲೀ. ಹರಿವಿಗೆ ಸಂಬಂಧಿಸಿದವು.

ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ 1906ರಲ್ಲಿ ಈ ವಿಧಾನಕ್ಕೆ ಕ್ರೊಮ್ಯಾಟೋಗ್ರಫಿ ಎಂಬ ಹೆಸರು ಕೊಟ್ಟಾಗ ಆತನ ಮುಂದಿದ್ದದ್ದು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆ. ಎಲೆಯ ಸಾರ ಅದರೊಳಗೆ ಇಳಿಯುತ್ತ ಹಸಿರು, ಹಳದಿ ಪಟ್ಟೆಗಳಾಗಿ ಬೇರ್ಪಡುವುದು ಕಣ್ಣಿಗೇ ಕಾಣುತ್ತಿತ್ತು. ಪಟ್ಟೆ ವಕ್ರವಾದರೆ ಅದೂ ಕಾಣುತ್ತಿತ್ತು. ನಮ್ಮದು ಉಕ್ಕಿನ ಕೊಳವೆ. ಒಳಗಿನ ಮಿಶ್ರಣದ ಪ್ರತಿ ಘಟಕವೂ ಸ್ವಲ್ಪ ಹೊತ್ತು ದ್ರವದ ಜೊತೆ ಹರಿಯುತ್ತದೆ, ಸ್ವಲ್ಪ ಹೊತ್ತು ಸಿಲಿಕಾ ಕಣದ ಮೇಲಿನ ಹದಿನೆಂಟು ಇಂಗಾಲದ ಸರಪಳಿಗಳಿಗೆ ಅಂಟಿಕೊಂಡು ನಿಲ್ಲುತ್ತದೆ. ಯಾವುದು ಹೆಚ್ಚು ಹೊತ್ತು ನಿಲ್ಲುತ್ತದೆಯೋ ಅದು ತಡವಾಗಿ ಹೊರಬರುತ್ತದೆ. ಹೊರಬಂದ ಪ್ರತಿಯೊಂದನ್ನೂ ಡಿಟೆಕ್ಟರ್ ಗ್ರಾಫಿನ ಮೇಲೆ ಒಂದು ಉಬ್ಬಾಗಿ, ಅಂದರೆ ಪೀಕ್ ಆಗಿ, ತೋರಿಸುತ್ತದೆ. ಎಲ್ಲಿಯೂ ನಿಲ್ಲದ ವಸ್ತು ಕಾಲಮ್ ದಾಟಲು ಹಿಡಿಯುವ ಸಮಯವನ್ನು ಟಿ ಸೊನ್ನೆ ಎಂದು ಕರೆಯುತ್ತೇವೆ. ಮೇಲೆ ಹೇಳಿದ ಕಾಲಮ್‌ನಲ್ಲಿ ದ್ರವ ಹರಿಯಬಲ್ಲ ಜಾಗ ಸುಮಾರು 2.5 ಮಿ.ಲೀ. ಇರುವುದರಿಂದ, ಗ್ರಾಫಿನ ಆರಂಭದಲ್ಲಿ ದ್ರಾವಕದ ಸಣ್ಣ ಏರಿಳಿತ ಸುಮಾರು 2.5ನೇ ನಿಮಿಷಕ್ಕೆ ಕಾಣಿಸಿಕೊಳ್ಳುತ್ತದೆ. ಹೆಚ್ಚಿನವರು ಕಸವೆಂದು ಕಡೆಗಣಿಸುವ ಈ ಏರಿಳಿತವೇ ದೋಷ ಹುಡುಕುವವನಿಗೆ ಮೊದಲ ಸಾಕ್ಷಿ.

ಆದ್ದರಿಂದ ಯಾವುದನ್ನೂ ಮುಟ್ಟುವ ಮೊದಲು, ಇದೇ ವಿಧಾನ ಸರಿಯಾಗಿ ನಡೆದಿದ್ದ ದಿನದ ಒಂದು ಗ್ರಾಫನ್ನು ಪಕ್ಕದಲ್ಲಿಟ್ಟುಕೊಂಡು, ಅಂದಿನ ಮತ್ತು ಇಂದಿನ ಒತ್ತಡ, ಟಿ ಸೊನ್ನೆ, ಮುಖ್ಯ ಪೀಕ್‌ನ ಸಮಯ, ಅದರ ಏರಿಯಾ (ಗೆರೆಯ ಕೆಳಗಿನ ವಿಸ್ತೀರ್ಣ) ಮತ್ತು ಟೇಲಿಂಗ್ (ಹಿಂದೆ ಎಳೆದ ಬಾಲ), ಈ ಐದನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಅನಂತರ ಮಾಡುವ ಬದಲಾವಣೆ ಒಂದು ಸಲಕ್ಕೆ ಒಂದೇ ಇರಬೇಕು. ಬದಲಿಸಿದ್ದರಿಂದ ಪ್ರಯೋಜನವಾಗದಿದ್ದರೆ ಹಳೆಯದನ್ನೇ ಮರಳಿ ಜೋಡಿಸಿ ಮುಂದಿನದಕ್ಕೆ ಹೋಗಬೇಕು. ಇಲ್ಲವಾದರೆ ಚೆನ್ನಾಗಿದ್ದ ಭಾಗಗಳು ಕಪಾಟಿನಲ್ಲಿ 'ಸಂಶಯಾಸ್ಪದ' ಎಂಬ ಚೀಟಿ ಹೊತ್ತು ಕೂರುತ್ತವೆ.

ಪೀಕ್ ಹಿಂದೆಮುಂದೆ ಆದಾಗ

ರಿಟೆನ್ಷನ್ ಟೈಮ್, ಅಂದರೆ ಪೀಕ್ ಹೊರಬರುವ ಸಮಯ, ಬದಲಾಗುವುದರಲ್ಲಿ ಮೂರು ಬಗೆಗಳಿವೆ, ಮತ್ತು ಅವುಗಳನ್ನು ಗ್ರಾಫಿನ ಮೇಲೆಯೇ ಬೇರ್ಪಡಿಸಬಹುದು.

ಮೊದಲನೆಯದರಲ್ಲಿ ಟಿ ಸೊನ್ನೆಯೂ ಸೇರಿದಂತೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಸರಿದಿರುತ್ತವೆ. 2.5 ಇದ್ದದ್ದು 2.6 ಆಗಿ, 8.2 ಇದ್ದದ್ದು 8.5 ಆಗಿದ್ದರೆ ಎರಡೂ ಸುಮಾರು ಶೇಕಡ 4ರಷ್ಟು ತಡವಾಗಿವೆ ಎಂದರ್ಥ. ಇದು ಹರಿವಿನ ದೋಷ, ರಸಾಯನಶಾಸ್ತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಯುವಿ ಡಿಟೆಕ್ಟರ್‌ನಲ್ಲಿ ವಸ್ತು ನಿಧಾನವಾಗಿ ದಾಟಿದಷ್ಟೂ ಏರಿಯಾ ಹಿಗ್ಗುವುದರಿಂದ, ಏರಿಯಾ ಕೂಡ ಅದೇ ಶೇಕಡ 4ರಷ್ಟು ಹೆಚ್ಚಿದ್ದರೆ ಸಂಶಯಕ್ಕೆ ಎಡೆಯೇ ಇಲ್ಲ. ಖಚಿತಪಡಿಸಿಕೊಳ್ಳಲು ಡಿಟೆಕ್ಟರ್‌ನಿಂದ ಹೊರಬರುವ ದ್ರವವನ್ನು 10 ಮಿ.ಲೀ. ವಾಲ್ಯುಮೆಟ್ರಿಕ್ ಫ್ಲಾಸ್ಕ್‌ಗೆ ಹಿಡಿದು ಗಡಿಯಾರ ನೋಡಬೇಕು. 10 ನಿಮಿಷಕ್ಕೆ ಗೆರೆ ಮುಟ್ಟಬೇಕಾದದ್ದು 10 ನಿಮಿಷ 25 ಸೆಕೆಂಡ್ ತೆಗೆದುಕೊಂಡರೆ ಪರದೆಯ ಮೇಲಿನ '1.000' ಎಂಬ ಅಂಕಿ ಪಂಪಿಗೆ ನಾವು ಕೊಟ್ಟ ಆಜ್ಞೆ ಮಾತ್ರ, ಅದು ನಿಜವಾಗಿ ತಳ್ಳುತ್ತಿರುವುದು 0.96. ಆಗ ಸೋರಿಕೆ, ಪಂಪ್ ಹೆಡ್‌ನೊಳಗಿನ ಗಾಳಿಗುಳ್ಳೆ, ಚೆಕ್ ವಾಲ್ವ್ ಮತ್ತು ಸವೆದ ಸೀಲ್, ಈ ನಾಲ್ಕರಲ್ಲೇ ಕಾರಣ ಸಿಗುತ್ತದೆ.

ಎರಡನೆಯ ಬಗೆಯಲ್ಲಿ ಟಿ ಸೊನ್ನೆ ಕದಲಿರುವುದಿಲ್ಲ, ಉಳಿದ ಪೀಕ್‌ಗಳು ಮಾತ್ರ ಒಟ್ಟಾಗಿ ಸರಿದಿರುತ್ತವೆ. ಇಲ್ಲಿ ಪಂಪ್ ತನ್ನ ಕೆಲಸ ಮಾಡುತ್ತಿದೆ. ವಸ್ತುಗಳು ಕಾಲಮ್‌ಗೆ ಅಂಟಿಕೊಳ್ಳುವ ಬಲ ಬದಲಾಗಿದೆ. ಮೊಬೈಲ್ ಫೇಸ್‌ನ ಪ್ರಮಾಣ, ಉಷ್ಣಾಂಶ, ಇಲ್ಲವೇ ಕಾಲಮ್‌ನ ವಯಸ್ಸು ಕಾರಣವಾಗಿರಬಹುದು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಪ್ರಯೋಗಾಲಯವೊಂದರಲ್ಲಿ ಇದರ ಒಳ್ಳೆಯ ಉದಾಹರಣೆ ಎದುರಾಗಿತ್ತು. ಸಂಜೆ ಆರಕ್ಕೆ ಹಚ್ಚಿದ ಸೀಕ್ವೆನ್ಸ್‌ನಲ್ಲಿ (ಸಾಲಾಗಿ ನಡೆಯುವ ಪರೀಕ್ಷೆಗಳಲ್ಲಿ) ಮೊದಲ ಸ್ಟ್ಯಾಂಡರ್ಡ್ (ಪ್ರಮಾಣ ತಿಳಿದ ಮಾದರಿ) 8.2ನೇ ನಿಮಿಷಕ್ಕೆ ಬಂದಿತ್ತು; ಬೆಳಗಿನ ಜಾವದ ಸ್ಟ್ಯಾಂಡರ್ಡ್ 8.9ಕ್ಕೆ ಬಂದು ಸಾಫ್ಟ್‌ವೇರ್ ಪೀಕನ್ನು ನಿರೀಕ್ಷಿಸುವ ಸಮಯದ ಕಿಟಕಿಯಿಂದ ಹೊರಬಿದ್ದಿತ್ತು. ಮಾರನೆಯ ದಿನ ಮಧ್ಯಾಹ್ನ ಅದೇ ಬಾಟಲಿ, ಅದೇ ಕಾಲಮ್ ಇಟ್ಟು ನೋಡಿದರೆ ಮತ್ತೆ 8.2. ಎರಡು ರಾತ್ರಿ ಹೀಗೇ ಕಳೆದವು, ಒಂದು ಹೊಸ ಕಾಲಮ್ ಖರ್ಚಾಯಿತು. ಕೊನೆಗೆ ರಾತ್ರಿಯಿಡೀ ದಾಖಲಾಗಿದ್ದ ಒತ್ತಡದ ಗೆರೆಯನ್ನು ತೆರೆದಾಗ ಅದು 140 ಬಾರ್‌ನಿಂದ ಮೆಲ್ಲಗೆ 155ಕ್ಕೆ ಏರಿ ಬೆಳಕು ಹರಿದ ಮೇಲೆ ಇಳಿದಿತ್ತು. ಕೊಳವೆ ಕಟ್ಟಿಕೊಂಡಿದ್ದರೆ ಒತ್ತಡ ತಾನಾಗಿ ಇಳಿಯುವುದಿಲ್ಲ. ದ್ರವ ದಪ್ಪಗಾಗಿತ್ತು, ಅಂದರೆ ತಣ್ಣಗಾಗಿತ್ತು. ವಿಧಾನದಲ್ಲಿ 'ಕೊಠಡಿಯ ಉಷ್ಣಾಂಶ' ಎಂದು ಬರೆದಿದ್ದ ಕಾರಣ ಕಾಲಮ್ ಓವನ್ನನ್ನು ಆರಿಸಿಟ್ಟಿದ್ದರು; ಹಗಲಿನಲ್ಲಿ ಹತ್ತು ಜನ, ನಾಲ್ಕು ಯಂತ್ರಗಳ ಬಿಸಿಯಿಂದ 28 ಡಿಗ್ರಿ ಇರುತ್ತಿದ್ದ ಕೋಣೆ, ಜನರೆಲ್ಲ ಮನೆಗೆ ಹೋದ ಮೇಲೂ ಓಡುತ್ತಲೇ ಇದ್ದ ಎ.ಸಿ.ಯಿಂದ 22 ಡಿಗ್ರಿಗೆ ಇಳಿಯುತ್ತಿತ್ತು. ಒಂದು ಡಿಗ್ರಿಗೆ ರಿಟೆನ್ಷನ್ ಶೇಕಡ ಒಂದೆರಡರಷ್ಟು ಬದಲಾಗುವುದು ಸಾಮಾನ್ಯವಾದ್ದರಿಂದ ಆರು ಡಿಗ್ರಿಗೆ ಈ ಅಂತರ ಸರಿಯಾಗಿಯೇ ಹೊಂದುತ್ತದೆ. ಬದಲಾವಣೆಯ ಅನುಮತಿ ಪಡೆದು ಓವನ್ನನ್ನು 30 ಡಿಗ್ರಿಗೆ ನಿಲ್ಲಿಸಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ. 'ಕೊಠಡಿಯ ಉಷ್ಣಾಂಶ' ಎಂದು ಬರೆಯುವವರು ಯಾವ ಕೊಠಡಿ, ಯಾವ ಹೊತ್ತು ಎಂಬುದನ್ನೂ ಬರೆದಿದ್ದರೆ ಚೆನ್ನಿತ್ತು.

ಉಷ್ಣಾಂಶ ಸರಿಯಿದ್ದರೆ ಮೊಬೈಲ್ ಫೇಸ್ ಮಾಡಿದವರು ಯಾರೆಂದು ವಿಚಾರಿಸಬೇಕು. ದೂರಲು ಅಲ್ಲ, ಅಳೆದ ರೀತಿಯನ್ನು ತಿಳಿಯಲು. ಮೆಥನಾಲ್ ಮತ್ತು ನೀರನ್ನು 500 ಮಿ.ಲೀ.ನಂತೆ ಬೇರೆಬೇರೆಯಾಗಿ ಅಳೆದು ಬೆರೆಸಿದರೆ ಒಟ್ಟು ಗಾತ್ರ ಕುಗ್ಗಿ ಒಂದು ಲೀಟರಿಗಿಂತ ಕಡಿಮೆಯಾಗುತ್ತದೆ. 500 ಮಿ.ಲೀ. ನೀರಿಗೆ ಒಂದು ಲೀಟರಿನ ಗೆರೆ ಮುಟ್ಟುವವರೆಗೆ ಮೆಥನಾಲ್ ಸುರಿಯುವವರು ಆ ಕುಗ್ಗಿದ ಭಾಗವನ್ನೂ ಮೆಥನಾಲ್‌ನಿಂದಲೇ ತುಂಬುತ್ತಾರೆ. ಎರಡೂ ಬಾಟಲಿಗಳ ಮೇಲಿನ ಚೀಟಿಯಲ್ಲಿ '50:50' ಎಂದೇ ಇರುತ್ತದೆ, ಆದರೆ ಎರಡನೆಯದರಲ್ಲಿ ಪೀಕ್‌ಗಳು ಬೇಗ ಬರುತ್ತವೆ. ಸಾವಯವ ದ್ರಾವಕ ಶೇಕಡ ಒಂದರಷ್ಟು ಹೆಚ್ಚಾದರೆ ರಿಟೆನ್ಷನ್ ಶೇಕಡ 5ರಿಂದ 10ರವರೆಗೆ ಇಳಿಯಬಹುದೆಂಬುದನ್ನು ನೆನಪಿಟ್ಟರೆ, ಪಾಳಿ ಬದಲಾದಾಗಲೆಲ್ಲ ಪೀಕ್ ಸರಿಯುವ ಪ್ರಯೋಗಾಲಯಗಳ ಒಗಟು ಅರ್ಥವಾಗುತ್ತದೆ. ಯಂತ್ರವೇ ಎರಡು ಬಾಟಲಿಗಳಿಂದ ಎಳೆದು ಬೆರೆಸುತ್ತಿದ್ದರೆ, ಕೈಯಲ್ಲಿ ಬೆರೆಸಿದ ಒಂದೇ ಬಾಟಲಿಯಿಂದ ಒಮ್ಮೆ ಓಡಿಸಿ ನೋಡಬೇಕು. ಆಗ ಸರಿಹೋದರೆ ದೋಷ ಪ್ರಪೋರ್ಷನಿಂಗ್ ವಾಲ್ವ್‌ನಲ್ಲಿದೆ.

ಮೂರನೆಯ ಬಗೆಯಲ್ಲಿ ಒಂದು ಪೀಕ್ ಮಾತ್ರ ಸರಿದು, ಪಕ್ಕದ್ದು ತನ್ನ ಜಾಗದಲ್ಲೇ ಇರುತ್ತದೆ. ಇದು ಬಹುಪಾಲು ಪಿಎಚ್‌ನ ಮಾತು. ಪ್ಯಾರಾಸಿಟಮಾಲ್ ಸಿರಪ್‌ನಲ್ಲಿ ಸಂರಕ್ಷಕವಾಗಿ ಸೋಡಿಯಂ ಬೆನ್ಜೋಯೇಟ್ ಇದೆ ಎಂದುಕೊಳ್ಳಿ. ಪ್ಯಾರಾಸಿಟಮಾಲ್‌ನ ಪಿಕೆಎ (ಅದರ ಅರ್ಧ ಭಾಗ ವಿದ್ಯುದಂಶ ಪಡೆಯುವ ಪಿಎಚ್) ಸುಮಾರು 9.5 ಇರುವುದರಿಂದ ಪಿಎಚ್ 4ರ ಆಸುಪಾಸಿನಲ್ಲಿ ಅದಕ್ಕೆ ಯಾವ ವ್ಯತ್ಯಾಸವೂ ಆಗುವುದಿಲ್ಲ. ಬೆನ್ಜೋಯಿಕ್ ಆಮ್ಲದ ಪಿಕೆಎ 4.2; ಪಿಎಚ್ ಒಂದೆರಡು ದಶಾಂಶ ಮೇಲೇರಿದರೂ ಅದರ ಹೆಚ್ಚಿನ ಪಾಲು ವಿದ್ಯುದಂಶ ಪಡೆದು, ಕಾಲಮ್‌ಗೆ ಅಂಟದೆ ಬೇಗ ಹೊರಬರುತ್ತದೆ. ಇಂಥ ಕಡೆ ಫಾಸ್ಫೇಟನ್ನು 'ಬಫರ್' ಎಂದು ಬಳಸಿ ಪಿಎಚ್ 4.5ಕ್ಕೆ ಹೊಂದಿಸಿರುವುದನ್ನು ನಾನು ಹಲವು ವಿಧಾನಗಳಲ್ಲಿ ಕಂಡಿದ್ದೇನೆ. ಫಾಸ್ಫೇಟ್ ಪಿಎಚ್ಚನ್ನು ಹಿಡಿದು ನಿಲ್ಲಿಸುವುದು 2.1 ಮತ್ತು 7.2ರ ಸುತ್ತಮುತ್ತ ಒಂದು ಅಂಕದೊಳಗೆ, 4.5ರಲ್ಲಿ ಅದು ಹೆಸರಿಗಷ್ಟೇ ಬಫರ್. ಅಲ್ಲಿಗೆ 4.76ರ ಅಸಿಟೇಟ್ ತಕ್ಕದ್ದು. ಅಂತೆಯೇ ಪಿಎಚ್ಚನ್ನು ಸಾವಯವ ದ್ರಾವಕ ಬೆರೆಸುವ ಮೊದಲೇ ಅಳೆಯಬೇಕು. ಬೆರೆಸಿದ ಮೇಲೆ ಮೀಟರ್ ತೋರಿಸುವ ಅಂಕಿ ಬೇರೆಯದೇ ಆಗಿರುತ್ತದೆ.

ಒತ್ತಡ

ಒತ್ತಡ ಏರಿದ್ದರೆ ಕಟ್ಟಿಕೊಂಡಿರುವ ಜಾಗವನ್ನು ಊಹಿಸಬೇಕಾಗಿಲ್ಲ, ಹುಡುಕಬಹುದು. ಡಿಟೆಕ್ಟರ್‌ನ ಹೊರದಾರಿಯಿಂದ ಆರಂಭಿಸಿ ಪಂಪಿನ ಕಡೆಗೆ ಒಂದೊಂದೇ ಫಿಟ್ಟಿಂಗ್ ಸಡಿಲಿಸುತ್ತ, ಪ್ರತಿ ಸಲವೂ ಹರಿವನ್ನು ತಗ್ಗಿಸಿ, ಕನ್ನಡಕ ಧರಿಸಿ, ಒತ್ತಡವನ್ನು ಬರೆದುಕೊಳ್ಳಬೇಕು. ಯಾವ ಫಿಟ್ಟಿಂಗ್ ಬಿಚ್ಚಿದೊಡನೆ ಒತ್ತಡ ಅನಿರೀಕ್ಷಿತವಾಗಿ ಕುಸಿಯುತ್ತದೆಯೋ, ಅಡಚಣೆ ಅದರ ಮತ್ತು ಅದಕ್ಕೆ ಮೊದಲು ಬಿಚ್ಚಿದ್ದರ ನಡುವೆ ಇದೆ. ಕಾಲಮ್ ತೆಗೆದಾಗ ಒತ್ತಡ ಇಳಿಯುವುದು ಸಹಜವೆಂಬುದನ್ನು ಮರೆಯಬಾರದು. ಹೊಸದಿದ್ದಾಗ ಅದು ಎಷ್ಟು ತೋರಿಸುತ್ತಿತ್ತೆಂಬ ದಾಖಲೆಗೆ ಹೋಲಿಸಿದ ಮೇಲೆಯೇ ಅದನ್ನು ದೂರಬೇಕು. ದ್ರಾವಕ ಬದಲಾದರೂ ಒತ್ತಡ ಬದಲಾಗುತ್ತದೆ: ಮೆಥನಾಲ್ ಮತ್ತು ನೀರು ಹೆಚ್ಚುಕಡಿಮೆ ಸಮವಾಗಿ ಬೆರೆತಾಗ ಅವೆರಡಕ್ಕಿಂತಲೂ ದಪ್ಪವಾದ ದ್ರವವಾಗುವುದರಿಂದ, ಅಸಿಟೋನೈಟ್ರೈಲ್‌ನಿಂದ ಮೆಥನಾಲ್‌ಗೆ ಬಂದವರು ಅಲಾರಂ ಕೇಳಿ ಗಾಬರಿಯಾಗುವುದುಂಟು. ಫಾಸ್ಫೇಟ್ ಬಫರ್ ತುಂಬಿರುವ ಯಂತ್ರಕ್ಕೆ ನೇರವಾಗಿ ಶುದ್ಧ ಅಸಿಟೋನೈಟ್ರೈಲ್ ಹಾಯಿಸಿದರೆ ಮಾತ್ರ ಗಾಬರಿ ನ್ಯಾಯವಾದದ್ದೇ, ಏಕೆಂದರೆ ಉಪ್ಪು ಒಳಗೇ ಹರಳುಗಟ್ಟುತ್ತದೆ.

ಒತ್ತಡ ಏರಿಳಿಯುತ್ತಿದ್ದರೆ ಅದರ ತಾಳವನ್ನು ನೋಡಬೇಕು. ಪಿಸ್ಟನ್‌ನ ಹೊಡೆತಕ್ಕೆ ಸರಿಯಾಗಿ ಗರಗಸದ ಹಲ್ಲಿನಂತೆ ಏರಿಳಿತ ಕಂಡರೆ, ಒಂದು ಹೆಡ್ ತಳ್ಳುತ್ತಿದೆ, ಇನ್ನೊಂದು ತಳ್ಳುತ್ತಿಲ್ಲ. ಮೊದಲು ದ್ರಾವಕದಲ್ಲಿ ಕರಗಿದ ಗಾಳಿಯನ್ನು ತೆಗೆಯುವ ಡಿಗ್ಯಾಸರ್ ಆನ್ ಆಗಿದೆಯೇ ಎಂದು ನೋಡಿ, ಪರ್ಜ್ ವಾಲ್ವ್ ತೆರೆದು ನಿಮಿಷಕ್ಕೆ 5 ಮಿ.ಲೀ.ನಂತೆ ಕೆಲವು ನಿಮಿಷ ಹರಿಸಬೇಕು. ಗಾಳಿಗುಳ್ಳೆಯಾಗಿದ್ದರೆ ಅಷ್ಟಕ್ಕೇ ಹೋಗುತ್ತದೆ. ಹೋಗದಿದ್ದರೆ ಪಂಪ್ ಹೆಡ್‌ನ ಕೆಳಭಾಗದ ಒಳಹರಿವಿನ ಚೆಕ್ ವಾಲ್ವ್ ಬಿಚ್ಚಬೇಕು. ಬೆರಳ ತುದಿಯಷ್ಟಿರುವ ಆ ಬಿಡಿಭಾಗದೊಳಗೆ ಮಾಣಿಕ್ಯದ ಒಂದು ಪುಟ್ಟ ಚೆಂಡು ನೀಲಮಣಿಯ ಪೀಠದ ಮೇಲೆ ಕೂತಿರುತ್ತದೆ. ಅದು ಎದ್ದರೆ ದ್ರವ ಒಳಬರುತ್ತದೆ, ಕೂತರೆ ಹಿಂದಕ್ಕೆ ಹೋಗದಂತೆ ತಡೆಯುತ್ತದೆ. ಕಿವಿಯ ಬಳಿ ಹಿಡಿದು ಅಲುಗಿಸಿದಾಗ ಟಿಕ್ ಟಿಕ್ ಎಂಬ ಸಣ್ಣ ಸದ್ದು ಕೇಳಿದರೆ ಚೆಂಡು ಸಡಿಲವಾಗಿದೆ. ಸದ್ದೇ ಇಲ್ಲದಿದ್ದರೆ ಅಂಟಿಕೊಂಡಿದೆ. ಶುದ್ಧ ಅಸಿಟೋನೈಟ್ರೈಲ್ ಮಾತ್ರ ಎಳೆಯುವ ಹೆಡ್‌ನಲ್ಲಿ ಇದು ಹೆಚ್ಚು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಮುಳುಗಿಸಿ ಸೋನಿಕೇಟರ್‌ನಲ್ಲಿ ಹದಿನೈದು ನಿಮಿಷ ಇಟ್ಟರೆ ಬಹಳ ಸಲ ಸರಿಹೋಗುತ್ತದೆ. ಮರಳಿ ಕೂರಿಸುವಾಗ ಬಾಣದ ಗುರುತು ಹರಿವಿನ ದಿಕ್ಕಿಗಿರಬೇಕು. ಒಮ್ಮೆ ನಾನೇ ತಲೆಕೆಳಗಾಗಿ ಹಾಕಿ, ಹರಿವು ಏಕೆ ಬರುತ್ತಿಲ್ಲವೆಂದು ಒಂದು ಗಂಟೆ ಪಂಪಿನ ಕೈಪಿಡಿ ಓದುತ್ತ ಕುಳಿತಿದ್ದೆ.

ಹೆಡ್‌ನ ಹಿಂಬದಿಯಲ್ಲಿ ಬಿಳಿಯ ಪುಡಿ ಕೂತಿದ್ದರೆ ಅದು ಸವೆದ ಸೀಲ್‌ನಿಂದ ಜಿನುಗಿ ಒಣಗಿದ ಬಫರ್‌ನ ಉಪ್ಪು. ಹನಿ ಕಾಣದಿದ್ದರೂ ಸೋರಿಕೆ ಇದೆ ಎಂದೇ ತಿಳಿಯಬೇಕು.

ಪೀಕ್‌ನ ಆಕಾರ

ಟೇಲಿಂಗ್ ಹೆಚ್ಚಾದಾಗ ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲ ಪೀಕ್‌ಗಳಿಗೂ ಬಾಲ ಬಂದಿದೆಯೇ, ಕೆಲವಕ್ಕೆ ಮಾತ್ರವೇ? ಅಮೀನ್ ಗುಂಪುಳ್ಳ ಪ್ರತ್ಯಾಮ್ಲೀಯ ಔಷಧಗಳಿಗೆ ಮಾತ್ರ ಬಾಲವಿದ್ದರೆ, ಸಿಲಿಕಾದ ಮೇಲೆ ಮುಚ್ಚದೆ ಉಳಿದ ಸಿಲನಾಲ್ ಗುಂಪುಗಳು ಅವನ್ನು ಹಿಡಿದೆಳೆಯುತ್ತಿವೆ. ಕಾಲಮ್ ಹಳೆಯದಾದಂತೆ, ವಿಶೇಷವಾಗಿ ಪಿಎಚ್ 2ರಿಂದ 8ರ ಮಿತಿಯನ್ನು ಮೀರಿ ಬಳಸಿದ್ದರೆ, ಇದು ಹೆಚ್ಚುತ್ತ ಹೋಗುತ್ತದೆ. ಎಲ್ಲಕ್ಕೂ ಬಾಲವಿದ್ದು, ಮೊದಲು ಬರುವ ಪೀಕ್‌ಗಳಲ್ಲಿ ಅದು ಹೆಚ್ಚಾಗಿದ್ದರೆ, ಕಾಲಮ್‌ನ ಹೊರಗೆ ಎಲ್ಲೋ ಖಾಲಿ ಜಾಗ ಉಳಿದಿದೆ. ಇದಕ್ಕೆ ಸಾಮಾನ್ಯ ಕಾರಣ ನಟ್‌ನೊಳಗೆ ಕೊಳವೆಯನ್ನು ಹಿಡಿಯುವ ಉಂಗುರ, ಉಕ್ಕಿನ ಫೆರೂಲ್. ಒಂದು ತಯಾರಕರ ಕಾಲಮ್‌ಗೆ ಬಿಗಿದಾಗ ಅದು ಕೊಳವೆಯ ಮೇಲೆ ಶಾಶ್ವತವಾಗಿ ಕಚ್ಚಿಕೊಳ್ಳುತ್ತದೆ. ಅದೇ ಕೊಳವೆಯನ್ನು ಆಳವಾದ ಬಾಯಿಯುಳ್ಳ ಇನ್ನೊಬ್ಬರ ಕಾಲಮ್‌ಗೆ ಜೋಡಿಸಿದರೆ, ನಟ್ ಪೂರ್ತಿ ಬಿಗಿಯಾದರೂ ಕೊಳವೆಯ ತುದಿ ತಳ ಮುಟ್ಟದೆ ಒಂದು ಪುಟ್ಟ ಕೋಣೆ ಉಳಿದುಬಿಡುತ್ತದೆ. ಬೇರ್ಪಟ್ಟಿರಬೇಕಾದ ದ್ರವ ಅಲ್ಲಿ ಸುಳಿದು ಮತ್ತೆ ಬೆರೆಯುತ್ತದೆ. ಸೋರುವುದಿಲ್ಲವಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಎಲ್ಲ ಪೀಕ್‌ಗಳೂ ಎರಡಾಗಿ ಸೀಳಿದ್ದರೆ ಕಾಲಮ್‌ನ ಬಾಯಲ್ಲಿ ಸೋಸುವ ಬಿಲ್ಲೆಯಾದ ಫ್ರಿಟ್ ಭಾಗಶಃ ಕಟ್ಟಿಕೊಂಡಿದೆ ಅಥವಾ ಪ್ಯಾಕಿಂಗ್ ಕುಸಿದಿದೆ. ಮೊದಲನೆಯ ಒಂದೆರಡು ಪೀಕ್ ಮಾತ್ರ ಸೀಳಿದ್ದರೆ ಸ್ಯಾಂಪಲ್ ಕರಗಿಸಿದ ದ್ರಾವಕವನ್ನು ನೋಡಬೇಕು: ನೀರೇ ಹೆಚ್ಚಿರುವ ಮೊಬೈಲ್ ಫೇಸ್‌ಗೆ ಶುದ್ಧ ಮೆಥನಾಲ್‌ನಲ್ಲಿ ಕರಗಿಸಿದ ಸ್ಯಾಂಪಲ್ ಹಾಕಿದರೆ, ಆ ಮೆಥನಾಲ್ ತನ್ನೊಳಗಿನ ವಸ್ತುವನ್ನು ಕಾಲಮ್‌ಗೆ ಅಂಟಲು ಬಿಡದೆ ಸ್ವಲ್ಪ ದೂರ ಹೊತ್ತೊಯ್ಯುತ್ತದೆ. ಅದೇ ಸ್ಯಾಂಪಲನ್ನು ಮೊಬೈಲ್ ಫೇಸ್‌ನಿಂದ ತೆಳುಮಾಡಿ ಹಾಕಿದಾಗ ಪೀಕ್ ಒಂದಾದರೆ ರೋಗ ಅಲ್ಲಿಗೇ ತಿಳಿಯಿತು.

ಕರೆಯದೆ ಬಂದ ಪೀಕ್

ಬ್ಲ್ಯಾಂಕ್‌ನಲ್ಲಿ (ಔಷಧವಿಲ್ಲದ ಬರಿಯ ದ್ರಾವಕದ ಇಂಜೆಕ್ಷನ್‌ನಲ್ಲಿ) ಪೀಕ್ ಕಂಡರೆ, ಸಾವಯವ ದ್ರಾವಕದ ಪ್ರಮಾಣವನ್ನು ಹೆಚ್ಚಿಸುತ್ತ ಹೋಗುವ ಗ್ರೇಡಿಯಂಟ್ ವಿಧಾನವಾಗಿದ್ದಲ್ಲಿ ಏನನ್ನೂ ಇಂಜೆಕ್ಟ್ ಮಾಡದೆ ಒಮ್ಮೆ ಓಡಿಸಬೇಕು. ಆಗ ಪೀಕ್ ಮಾಯವಾದರೆ ಅದು ಸೂಜಿಯಿಂದ, ವಯಲ್‌ನ ಸೆಪ್ಟಮ್‌ನಿಂದ ಅಥವಾ ಹಿಂದಿನ ಸ್ಯಾಂಪಲ್‌ನ ಉಳಿಕೆಯಿಂದ ಬಂದದ್ದು. ಆಗಲೂ ಉಳಿದರೆ ಅದು ಮೊಬೈಲ್ ಫೇಸ್‌ನಲ್ಲಿದೆ, ಮತ್ತು ಅದನ್ನು ಸಾಬೀತುಪಡಿಸುವ ಸೊಗಸಾದ ದಾರಿಯೊಂದಿದೆ: ಗ್ರೇಡಿಯಂಟ್ ಆರಂಭಿಸುವ ಮೊದಲು ನೀರಿನ ಭಾಗವನ್ನು ಒಮ್ಮೆ 10 ನಿಮಿಷ, ಇನ್ನೊಮ್ಮೆ 30 ನಿಮಿಷ ಹರಿಸಿ ಎರಡು ಗ್ರಾಫ್ ತೆಗೆಯಬೇಕು. ಎರಡನೆಯದರಲ್ಲಿ ಪೀಕ್ ಬೆಳೆದಿದ್ದರೆ, ನೀರಿನಲ್ಲಿರುವ ಕಶ್ಮಲ ಅಷ್ಟು ಹೊತ್ತೂ ಕಾಲಮ್‌ನ ಬಾಯಲ್ಲಿ ಸೇರುತ್ತ ಹೋಗಿ, ಸಾವಯವ ದ್ರಾವಕ ಬಂದೊಡನೆ ಒಟ್ಟಿಗೆ ಹೊರಟಿದೆ. ಶುದ್ಧೀಕರಣ ಯಂತ್ರ 18.2 ಮೆಗಾಓಮ್ ತೋರಿಸುತ್ತಿದೆ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಆ ಅಂಕಿ ಲವಣಗಳ ಕುರಿತದ್ದು. ಸಾವಯವ ಕಶ್ಮಲ ಅದಕ್ಕೆ ಕಾಣಿಸುವುದಿಲ್ಲ. ಹಳೆಯ ಫಾಸ್ಫೇಟ್ ಬಫರ್‌ನಲ್ಲಿ ಪಾಚಿ, ಸೂಕ್ಷ್ಮಾಣುಗಳು ಬೆಳೆಯುವುದರಿಂದ ಬಾಟಲಿಯನ್ನು ದಿನವೂ ಬದಲಿಸಬೇಕು, ಮೇಲಿಂದ ತುಂಬಿಸುತ್ತ ಹೋಗಬಾರದು.

ಒಂದೇ ಪ್ರಮಾಣದ ಮೊಬೈಲ್ ಫೇಸ್‌ನಲ್ಲಿ ಓಡುವ ವಿಧಾನದಲ್ಲಿ, ಅಕ್ಕಪಕ್ಕದವಕ್ಕಿಂತ ಎರಡು ಮೂರು ಪಟ್ಟು ಅಗಲವಾದ ಪೀಕ್ ನಡುವೆ ಕೂತಿದ್ದರೆ ಅದು ಈ ಇಂಜೆಕ್ಷನ್‌ನದ್ದಲ್ಲ. ಹಿಂದಿನದರಲ್ಲಿ ಹೊರಟು ತಡವಾಗಿ ತಲುಪಿದ ಪ್ರಯಾಣಿಕ ಅದು. ರನ್ ಟೈಮನ್ನು ಮೂರು ಪಟ್ಟು ಮಾಡಿ ಒಂದು ಸ್ಯಾಂಪಲ್ ಓಡಿಸಿದರೆ ಅದರ ನಿಜವಾದ ಸಮಯ ಸಿಗುತ್ತದೆ.

ಬೇಸ್‌ಲೈನ್ ಕುರಿತು ಹೆಚ್ಚು ಹೇಳುವುದಿಲ್ಲ. ಪಂಪ್ ನಿಲ್ಲಿಸಿದರೂ ಗದ್ದಲ ಹಾಗೆಯೇ ಇದ್ದರೆ ದೀಪವನ್ನು ನೋಡಿ. ಡ್ಯೂಟೀರಿಯಂ ದೀಪ ಸಾಮಾನ್ಯವಾಗಿ 2000 ಗಂಟೆಗಳ ಆಸುಪಾಸಿನಲ್ಲಿ ಮಂಕಾಗುತ್ತದೆ. ನಿಲ್ಲಿಸಿದೊಡನೆ ಗೆರೆ ನೇರವಾದರೆ ದೋಷ ಹರಿವಿನಲ್ಲಿ ಅಥವಾ ದ್ರಾವಕದಲ್ಲಿದೆ. 205 ನ್ಯಾನೋಮೀಟರ್‌ಗಿಂತ ಕೆಳಗೆ ಮೆಥನಾಲ್ ತಾನೇ ಬೆಳಕನ್ನು ಹೀರುವುದರಿಂದ, 200ರಲ್ಲಿ ಅಳೆಯಬೇಕಾದ ವಿಧಾನಕ್ಕೆ 190ರವರೆಗೂ ತಿಳಿಯಾಗಿರುವ ಅಸಿಟೋನೈಟ್ರೈಲ್ ಬಳಸುವುದೇ ದಾರಿ.

ದೋಷ ಸಿಕ್ಕಿದ ದಿನ, ಬಿಚ್ಚಿದ ಭಾಗ, ಬಿಚ್ಚುವ ಮೊದಲಿನ ಮತ್ತು ಅನಂತರದ ಒತ್ತಡ, ಟಿ ಸೊನ್ನೆ, ಇವನ್ನು ಯಂತ್ರದ ಲಾಗ್ ಪುಸ್ತಕದಲ್ಲಿ ಆಗಲೇ ಬರೆಯಬೇಕು; 'ಯಂತ್ರ ಸರಿಪಡಿಸಲಾಯಿತು' ಎಂಬ ಒಂದು ಸಾಲಿನಿಂದ ಆಡಿಟ್‌ಗೆ ಬಂದವರಿಗಾಗಲಿ, ಮುಂದಿನ ಪಾಳಿಯವರಿಗಾಗಲಿ ಏನೂ ತಿಳಿಯುವುದಿಲ್ಲ. ಕೆಲಸ ಮುಗಿದ ಮೇಲೆ ಬಫರ್‌ನ ಬದಲು ಬರಿಯ ನೀರಿಟ್ಟು, ಸಾವಯವ ದ್ರಾವಕದ ಪ್ರಮಾಣವನ್ನು ಶೇಕಡ 10ರಷ್ಟಕ್ಕೆ ಇಳಿಸಿ, 25 ನಿಮಿಷ ಹರಿಸಬೇಕು. ಟಿ ಸೊನ್ನೆಯ ಲೆಕ್ಕದಲ್ಲಿ ಕಾಲಮ್ ಹತ್ತು ಸಲ ತೊಳೆದಂತಾಗುತ್ತದೆ. ಅನಂತರ ಅಸಿಟೋನೈಟ್ರೈಲ್ ಶೇಕಡ 70ರಷ್ಟಿರುವ ನೀರಿನ ಮಿಶ್ರಣ ತುಂಬಿಸಿ, ಎರಡೂ ಬಾಯಿಗಳಿಗೆ ಪ್ಲಗ್ ಬಿಗಿದು, ಯಾವ ದ್ರಾವಕದಲ್ಲಿ ಇಟ್ಟಿದ್ದೇವೆಂಬ ಚೀಟಿ ಕಟ್ಟಿ ಕಾಲಮನ್ನು ಪೆಟ್ಟಿಗೆಗೆ ಸೇರಿಸಬೇಕು.